ಐದು ಲಂದಗಳು

“ಕಾಲು ತಗಿ ಬೇ, ಬೋಸುಡಿ! ಹೊರಗ ಬಾ ಅಂದ್ರ ಕಿವಿ ಕೇಳಂಗಿಲ್ಲೇನು ನಿನಗ?”

ಮೇಸ್ತ್ರಿ ಅಯ್ಯಪ್ಪ ಬೈದದ್ದು ನನಗೆ. ನಾನು ಆಗ ಕುಂಡದ ತಳದಲ್ಲಿ ಕುಕ್ಕರಗಾಲಲ್ಲಿ ಕೂತು ಬ್ರಷ್ಷಿನಿಂದ ಗೋಡೆಯ ಮಣ್ಣು ಉದುರಿಸುತ್ತಿದ್ದೆ. ಇಪ್ಪತ್ತಾರು ದಿನದಿಂದ ಆ ಕುಂಡಕ್ಕೆ ಇಳಿದು ಹತ್ತಿದವಳು ನಾನು. ಅದರ ಮೇಲೆ ಎರಡಾಳು ಎತ್ತರ ಕೂತಿದ್ದ ಮಣ್ಣನ್ನು ಬುಟ್ಟಿ ಬುಟ್ಟಿ ಹೊತ್ತು ಹಾಕಿದವಳೂ ನಾನೇ. ಅಷ್ಟು ದಿನ ನನ್ನ ಕಾಲು ಯಾವನ ಕಣ್ಣಿಗೂ ಬಿದ್ದಿರಲಿಲ್ಲ. ಇವತ್ತು ಮೇಲೆ ಮಡಿಪಂಚೆ ಉಟ್ಟ ಆಚಾರ್ರು ಬಂದು ನಿಂತಿದ್ದರು, ಒಮ್ಮೆಲೇ ಎಲ್ಲರಿಗೂ ನನ್ನ ಕಾಲು ಕಂಡುಬಿಟ್ಟಿತು.

“ದೇವರ ಜಾಗ ಅದು. ಏಳು ಮ್ಯಾಲ!”

“ನಿನ್ನಿ ತನಕ ಇದು ಮೂರನೇ ಕುಣಿ ಇತ್ತಲ್ಲ ಮೇಸ್ತ್ರಿ,” ಮಣ್ಣಿನ ದಿಬ್ಬದ ಮೇಲಿಂದ ಗೋಪಮ್ಮ ಕೂಗಿದಳು. “ದೇವರು ಯಾವ ಬಸ್ಸಿಗೆ ಇಳಿದ?”

ಗೋಪಮ್ಮ ದೇವದುರ್ಗದ ಕಡೆಯವಳು. ಗಂಡ ಸತ್ತ ಮೇಲೆ ನಮ್ಮ ಕೇರಿಯಲ್ಲಿ ಬಾಡಿಗೆ ಖೋಲಿ ಹಿಡಿದಿದ್ದಾಳೆ. ಅವಳ ಬಾಯಿಗೆ ಬೀಗ ಹಾಕುವವನು ಇನ್ನೂ ಹುಟ್ಟಿಲ್ಲ. ಅಯ್ಯಪ್ಪ ಅವಳ ಕಡೆ ಒಂದು ಹೆಂಟೆ ಎಸೆದ. ಅದು ತಾಗಲಿಲ್ಲ. ನಾನು ಏಣಿ ಹಿಡಿದು ಮೇಲೆ ಬಂದೆ. ಆಚಾರ್ರು ನಾಲ್ಕು ಹೆಜ್ಜೆ ಹಿಂದೆ ಸರಿದು, ನನ್ನನ್ನು ನೋಡದೆ ಅಯ್ಯಪ್ಪನಿಗೆ ಹೇಳಿದರು: “ಏಣಿ ತೊಳಸ್ರಿ. ಕುಂಡಕ್ಕ ಗೋಮೂತ್ರ ಹಾಕಸ್ರಿ. ಆಮ್ಯಾಲ ನಾ ಇಳೀತೀನಿ.”

ಏಣಿ ತೊಳೆಯಲು ಅಯ್ಯಪ್ಪ ಗೋಪಮ್ಮನನ್ನು ಕರೆದ. ನಾನು ಹತ್ತಿದ ಏಣಿಯನ್ನು ನಮ್ಮ ಕೇರಿಯ ಗೋಪಮ್ಮ ತೊಳೆದಳು. ಗೋಮೂತ್ರದ ಕೊಡವನ್ನು ಕುಂಡಕ್ಕೆ ಸುರಿದವಳೂ ಅವಳೇ. ಮಡಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಆ ಆಚಾರ್ರಿಗೆ ಗೊತ್ತಿರಲಿಲ್ಲ, ಗೊತ್ತಾಗುವುದು ಬೇಕಾಗಿಯೂ ಇರಲಿಲ್ಲ. ಗೋಪಮ್ಮ ತೊಳೆಯುತ್ತ ತೊಳೆಯುತ್ತ ಒಂದು ಸಲ ಏಣಿಗೆ ಉಗಿದಳು. ಅದನ್ನು ನಾನೊಬ್ಬಳೇ ಕಂಡೆ.

ಹದಿನೈದು ದಿನದ ಹಿಂದೆ ಅದೇ ಕುಂಡದಲ್ಲಿ ಅಗೆತದ ಮೇಡಂ ನನ್ನನ್ನು ‘ನೀವು’ ಎಂದು ಕರೆದಿದ್ದರು.

ನಮ್ಮ ಕೇರಿ ಇರುವುದು ರಾಯಚೂರು ಕೋಟೆಯ ಕಂದಕದ ದಂಡೆಗೆ. ಇಪ್ಪತ್ತೆರಡು ಮನೆ, ಒಂದು ನಳ, ಒಂದು ಬೇವಿನ ಮರ. ಕೇರಿಗೆ ಹತ್ತಿಕೊಂಡು ಹಳೇ ಸಂತೆ ಬಯಲು ಇತ್ತು. ಅಲ್ಲಿ ಮೂರಂತಸ್ತಿನ ಅಂಗಡಿ ಮಳಿಗೆ ಕಟ್ಟುತ್ತೇವೆ ಎಂದು ಹೋದ ವರ್ಷ ಬೋರ್ಡು ಹಾಕಿದರು. ಮಳಿಗೆಗೆ ಬರುವ ಕಾರು ನಿಲ್ಲಲು ಜಾಗ ಬೇಕಲ್ಲ, ನಮ್ಮ ಇಪ್ಪತ್ತೆರಡು ಮನೆಗೂ ನೋಟಿಸು ಬಂತು. ನೋಟಿಸಿನಲ್ಲಿ ನಾವು ‘ಇತ್ತೀಚಿನ ಅತಿಕ್ರಮಣದಾರರು’. ನನ್ನ ಗಂಡನ ಮುತ್ತಜ್ಜ ಆ ಬೇವಿನ ಗಿಡ ಹಚ್ಚಿದ್ದನಂತೆ, ಆದರೆ ಗಿಡಕ್ಕೆ ಯಾರೂ ದಾಖಲೆ ಕೊಟ್ಟಿರಲಿಲ್ಲ. ನಾವು ವಕೀಲರ ಹತ್ತಿರ ಹೋದೆವು. ರೇಷನ್ ಕಾರ್ಡು, ಕರೆಂಟು ಬಿಲ್ಲು ಎಲ್ಲ ಟೇಬಲ್ಲಿಗೆ ಸುರಿದೆವು.

“ಇವು ಎಲ್ಲಾ ಮೂವತ್ತು ವರ್ಷದೊಳಗಿನವು,” ಎಂದರು ವಕೀಲರು. “ಅದಕ್ಕಿಂತ ಹಿಂದಿಂದು ಏನರ ಸರ್ಕಾರದ ಕಾಗದ ತರ್ರಿ. ತಂದ್ರ ಸ್ಟೇ ಕೊಡಸ್ತೀನಿ. ಇಲ್ಲಾಂದ್ರ ಜೆಸಿಬಿ ನಿಂದರಸಾಕ ನನ್ನ ಕೈಲೆ ಆಗಂಗಿಲ್ಲ.”

ಹಿಂದಿನ ಕಾಗದ ಎಲ್ಲಿಂದ ತರಬೇಕು? ನಮ್ಮ ಹಿರಿಯರು ಹುಟ್ಟಿದ್ದನ್ನೂ ಯಾರೂ ಬರೆದುಕೊಳ್ಳಲಿಲ್ಲ, ಸತ್ತಿದ್ದನ್ನೂ ಬರೆದುಕೊಳ್ಳಲಿಲ್ಲ. ಊರಿನವರ ಸತ್ತ ದನ ಎಳೆಯಲು ಮಾತ್ರ ಅವರ ಹೆಸರು ಎಲ್ಲರಿಗೂ ನೆನಪಿರುತ್ತಿತ್ತು.

ಅಷ್ಟರಲ್ಲಿ ಸಂತೆ ಬಯಲಿನ ಪಾಯ ಅಗೆಯುತ್ತಿದ್ದ ಜೆಸಿಬಿಯ ಹಲ್ಲಿಗೆ ಹಳೇ ಗೋಡೆ ಸಿಕ್ಕಿತು. ಕೋಟೆ ಹತ್ತಿರದ ಜಾಗ, ಕಟ್ಟುವ ಮೊದಲು ಕೈಯಿಂದ ಅಗೆದು ನೋಡಬೇಕು ಎಂದು ಕಾನೂನು ಇದೆಯಂತೆ. ಪುರಾತತ್ವ ಇಲಾಖೆಯವರು ಗೂಟ, ದಾರ, ಜರಡಿ, ಬ್ರಷ್ಷು ಹಿಡಿದು ಬಂದರು. ಅಗೆಯಲು ನಮ್ಮ ಕೇರಿಯ ಹದಿನೆಂಟು ಹೆಣ್ಣಾಳುಗಳನ್ನೇ ಕರೆದರು. ನಮ್ಮ ಮನೆ ಕೀಳುವ ಕೆಲಸಕ್ಕೆ ನಾವೇ ಕೂಲಿ ಹೋದೆವು. ಹೋಗದೆ ಏನು ಮಾಡಬೇಕಿತ್ತು?

ಅಗೆತದ ಮೇಲ್ವಿಚಾರಣೆಗೆ ಬಂದವರು ಉಮಾದೇವಿ ಮೇಡಂ, ಮೈಸೂರು ಕಡೆಯವರು. ವಯಸ್ಸು ಮೂವತ್ತರೊಳಗೆ. ರಾಯಚೂರಿನ ಬಿಸಿಲಿಗೆ ಮೂಗಿನ ಚರ್ಮ ಸುಲಿದು ಕೆಂಪಾಗಿತ್ತು. ನಮ್ಮ ಸರೀಕ ಮಣ್ಣಲ್ಲಿ ಕೂರುತ್ತಿದ್ದರು, ನಮ್ಮ ಬುತ್ತಿಯ ಪುಂಡಿಪಲ್ಲೆ ಕೇಳಿ ಇಸಿದುಕೊಂಡು ತಿನ್ನುತ್ತಿದ್ದರು. ಅವರ ಮೇಲೆ ನನಗೆ ಜೀವ ಇತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವಷ್ಟು ತಾಳ್ಮೆ ನನಗೆ ಇರುವುದಿಲ್ಲ.

ಹನ್ನೊಂದನೇ ದಿನ ಐದು ಕುಂಡಗಳು ಪೂರ್ತಿ ಬಯಲಾದವು. ಸಾಲಾಗಿ ಐದು, ಒಂದೊಂದೂ ಎದೆಮಟ್ಟ ಆಳ, ಒಳಗೆ ಗಚ್ಚಿನ ಗಿಲಾವು. ಎರಡನೆಯದರ ಗೋಡೆ ಬೆಳ್ಳಗೆ, ಆಚೆಯ ಮೂರರ ಗೋಡೆ ಕರ್ರಗೆ. ಪಕ್ಕಕ್ಕೆ ಒಂದು ಇಳಿಜಾರು ಕಲ್ಲು, ಬೆನ್ನು ಉಬ್ಬಿದ್ದು, ನುಣ್ಣನೆಯದು. ಮೇಡಂ ತಲೆಗೆ ಕೈ ಹಚ್ಚಿ ಕೂತಿದ್ದರು.

“ಬಟ್ಟೆಗೆ ಬಣ್ಣ ಹಾಕ್ತಿದ್ದ ತೊಟ್ಟಿ ಇರಬಹುದಾ? ಅಥವಾ ನೀರು ಶೇಖರಣೆ?”

ನನಗೆ ನಗು ಬಂತು. “ಮೇಡಮ್ಮಾರ, ಇವು ಲಂದ ಅದಾವ್ರಿ.”

“ಲಂದ ಅಂದ್ರೆ?”

“ತೊಗಲು ಹದ ಮಾಡೋ ಕುಣಿ ರೀ. ನಮ್ಮಪ್ಪ ಮಲ್ಲಟದಾಗ ಇದನ್ನ ಮಾಡ್ತಿದ್ದ. ಮೊದಲನೇದ್ರಾಗ ತೊಳೀಬೇಕು. ಎರಡನೇದು ಸುಣ್ಣದ್ದು, ಕೂದಲಾ ಉದುರಾಕ. ಅದಕ್ಕ ಬೆಳ್ಳಗದ ನೋಡ್ರಿ. ಆಮ್ಯಾಗಿನ ಮೂರೂ ತಂಗಡಿ ಗಿಡದ ತೊಗಟಿ ಚಕ್ಕಿ ನೀರಿನವು. ಒಂದಕ್ಕಿಂತ ಒಂದು ಕಡಕ್. ಹುಡುಗಿ ಇದ್ದಾಗ ತಂಗಡಿ ಚಕ್ಕಿ ಕುಟ್ಟಿ ಕುಟ್ಟಿ ನನ್ನ ಅಂಗೈ ಸುಲೀತಿತ್ರಿ.”

ಹೇಳುತ್ತ ಹೇಳುತ್ತ ನಾನು ಮೂರನೇ ಕುಂಡದ ಮೂಲೆಯಿಂದ ಒಂದು ಕರೀ ಚೂರು ಕಿತ್ತು ನಾಲಿಗೆ ಮೇಲೆ ಇಟ್ಟುಕೊಂಡೆ. ಚಕ್ಕೆ ನೀರು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ನಮ್ಮಪ್ಪ ನೋಡುತ್ತಿದ್ದುದೇ ಹಾಗೆ. ನನಗೆ ಅದು ಅಂಟಿಕೊಂಡ ಚಾಳಿ.

“ಅಯ್ಯೋ ಜಂಬಮ್ಮ! ತಿನ್ನಬೇಡಿ, ಅದು ಸ್ಯಾಂಪಲ್ಲು! ನಾನೂರು ವರ್ಷದ್ದು!” ಮೇಡಂ ಕಿರುಚಿಕೊಂಡು ಓಡಿ ಬಂದರು.

ನಾನು ಹೆದರಿ ನುಂಗಿಬಿಟ್ಟೆ. ಎಲ್ಲರೂ ನಕ್ಕರು, ಮೇಡಂ ಕೂಡ ಅಳು ಬರುವಷ್ಟು ನಕ್ಕರು. ಒಗರು ಇತ್ತೋ ಇಲ್ಲವೋ ದೇವರಿಗೇ ಗೊತ್ತು, ನನ್ನ ಬಾಯಿಗಂತೂ ಅಪ್ಪನ ಲಂದದ ರುಚಿ ಬಂತು. ಉಳಿದ ಚೂರುಗಳನ್ನು ಮೇಡಂ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು.

ಮರುದಿನ ಶುಕ್ರವಾರ. ಮೇಡಂ ಹೇಳಿದರು ಎಂದು ನಾನು ಮಲ್ಲಟದಿಂದ ಅಪ್ಪನನ್ನು ಬಸ್ಸಿಗೆ ಕರೆತಂದೆ. ಅಪ್ಪನ ಹೆಸರು ಪರಮಣ್ಣ, ಎಂಬತ್ತರ ಹತ್ತಿರ. ತೊಗಲಿನ ಕೆಲಸ ಬಿಟ್ಟು ಮೂವತ್ತು ವರ್ಷವಾಯಿತು. ಒಂದು ಕಣ್ಣಿಗೆ ಪೊರೆ. ಅವನು ಐದೂ ಕುಂಡಗಳನ್ನು ಸುತ್ತಿ ಬಂದ. ಕೊನೆಗೆ ಆ ಇಳಿಜಾರು ಕಲ್ಲಿನ ಹತ್ತಿರ ಹೋಗಿ ಅದರ ತುದಿಗೆ ಹೊಟ್ಟೆ ಒತ್ತಿ ನಿಂತ. ಕಲ್ಲಿನಲ್ಲಿ ಅಲ್ಲಿಗೆ ಸರಿಯಾಗಿ ಒಂದು ತಗ್ಗು ಬಿದ್ದಿತ್ತು. ಅಪ್ಪನ ಹೊಟ್ಟೆ ಆ ತಗ್ಗಿಗೆ ಹೊಂದಿ ಕೂತಿತು.

“ಇಲ್ಲಿ ಹೊಟ್ಟಿಲೆ ತೊಗಲು ಒತ್ತಿ ಹಿಡದು, ಎರಡೂ ಕೈಲೆ ಕತ್ತಿ ಹಿಡದು ಹೆರೀಬೇಕ್ರೆವ್ವಾ,” ಎಂದು ಅಂಗಿ ಎತ್ತಿದ. ಹೊಕ್ಕುಳ ಮೇಲೆ ಅಡ್ಡಕ್ಕೆ ಚರ್ಮ ಕಪ್ಪಗೆ ದಡ್ಡುಗಟ್ಟಿತ್ತು. “ನನಗ ನಲವತ್ತು ವರ್ಷಕ್ಕ ಹೊಟ್ಟಿ ಮ್ಯಾಲ ಇಷ್ಟು ಆಗೇತಿ. ಕಲ್ಲು ಇಷ್ಟು ತಗ್ಗು ಬೀಳಬೇಕಂದ್ರ ಎಷ್ಟು ಹೊಟ್ಟಿ ಸವದಿರಬೇಕು ನೋಡ್ರಿ.”

 ಮೇಡಂ ಟೇಪು ಹಿಡಿದು ಕಲ್ಲು ಅಳೆದರು, ಅಪ್ಪನ ಅನುಮತಿ ಕೇಳಿ ಅವನ ಹೊಟ್ಟೆಯ ಫೋಟೋ ತೆಗೆದರು. ಬರೆದದ್ದನ್ನು ನಮಗೆ ಓದಿ ಹೇಳಿದರು. ಚರ್ಮ ಹದ ಮಾಡುವ ಕಾರ್ಯಾಗಾರ, ಸುಮಾರು ನಾನೂರು ವರ್ಷ ಹಳೆಯದು, ಪಕ್ಕದ ಕೇರಿಯ ಜನರ ಕಸುಬಿಗೆ ನೇರ ಸಂಬಂಧ ಉಳ್ಳದ್ದು.

“ಇದು ಸರ್ಕಾರದ ಕಾಗದ ಹೌದ್ರಿ ಮೇಡಂ?” ಎಂದು ಕೇಳಿದೆ.

“ವರದಿ ಸಲ್ಲಿಸಿದ ಮೇಲೆ ಹೌದು. ಒಂದು ಪ್ರತಿ ನಿಮಗೆ ಕೊಡ್ತೀನಿ ಜಂಬಮ್ಮ. ನೀವೇ ಹೇಳಿದ್ದಲ್ವಾ ಇದನ್ನೆಲ್ಲ?”

ಆ ಸಂಜೆ ವಕೀಲರಿಗೆ ಹೇಳಿದೆವು. ಅವರು ಕುರ್ಚಿಯಿಂದ ಎದ್ದೇ ನಿಂತರು. “ಅದೊಂದು ಕಾಗದ ತರ್ರಿ ಸಾಕು,” ಎಂದರು. ಕೇರಿಯಲ್ಲಿ ಬಹಳ ತಿಂಗಳ ಮೇಲೆ ಹೆಂಗಸರು ನಳದ ಹತ್ತಿರ ಜಗಳಾಡದೆ ನೀರು ಹಿಡಿದರು.

ಹದಿನಾಲ್ಕನೇ ದಿನ ಕಾಗದ ಬರಲಿಲ್ಲ, ಮೂರು ಕಾರು ಬಂದವು. ಒಂದರಲ್ಲಿ ಇಲಾಖೆಯ ದೊಡ್ಡ ಸಾಹೇಬರು, ಒಂದರಲ್ಲಿ ಮಳಿಗೆ ಕಟ್ಟುವ ಗುತ್ತಿಗೆದಾರ, ಇನ್ನೊಂದರಲ್ಲಿ ಆಚಾರ್ರು. ಆಚಾರ್ರು ದಂಡೆಯ ಮೇಲೆ ನಿಂತು ಬೆರಳು ಮಡಚಿ ಎಣಿಸಿದರು.

“ಒಂದು, ಎರಡು… ಐದು! ಸಾಹೇಬ್ರ, ಇದು ಪಂಚತೀರ್ಥ! ಅಲ್ಲಿ ನೋಡ್ರಿ, ಅಭಿಷೇಕದ ಪೀಠ!”

ಅವರ ಬೆರಳು ತೋರಿಸಿದ್ದು ನಮ್ಮಪ್ಪ ಹೊಟ್ಟೆ ಒತ್ತಿ ನಿಂತ ಕಲ್ಲನ್ನು. ಗುತ್ತಿಗೆದಾರನ ಮುಖ ಅರಳಿತು. ಮಳಿಗೆ ಮುಂದೆ ತೀರ್ಥ ಇದ್ದರೆ ಜನ ಎಷ್ಟು ಬರುತ್ತಾರೆ ಎಂದು ಆಗಲೇ ಅವನ ತಲೆಯಲ್ಲಿ ಲೆಕ್ಕ ಓಡಿರಬೇಕು. ಜನ ಬಂದರೆ ಕಾರು, ಕಾರು ಬಂದರೆ ಜಾಗ, ಜಾಗ ಅಂದರೆ ನಮ್ಮ ಕೇರಿ.

ಮೇಡಂ ಮುಂದೆ ಬಂದರು. “ಸರ್, ಇದು ಟ್ಯಾನಿಂಗ್ ತೊಟ್ಟಿ. ನನ್ನ ಟಿಪ್ಪಣಿ ನೋಡಿ. ಸುಣ್ಣದ ಪದರ ಇದೆ, ತೊಗಟೆಯ ಅವಶೇಷ ಇದೆ—”

“ಯಾರು ಹೇಳಿದ್ದು ನಿಮಗ?” ಎಂದರು ಸಾಹೇಬರು.

ಮೇಡಂ ನನ್ನ ಕಡೆ ಕೈ ತೋರಿಸಿದರು. ಮೆಚ್ಚಿ ತೋರಿಸಿದರು, ಪಾಪ. ಸಾಹೇಬರು ನನ್ನನ್ನು ಕರೆದರು. ತಲೆ ಮೇಲಿನ ಬುಟ್ಟಿ ಇಳಿಸಲೂ ಬಿಡಲಿಲ್ಲ.

“ನಿನಗ ಹೆಂಗ ಗೊತ್ತು ಇದು?”

“ನಮ್ಮ ಮನಿ ಕೆಲಸ ರೀ ಇದು.”

“ಅಂದ್ರ? ನೀವು ಯಾವ ಪೈಕಿ?”

ಅಯ್ಯಪ್ಪ ನಡುವೆ ಬಾಯಿ ಹಾಕಿದ. “ಸಾಹೇಬ್ರ, ನಾವು ಜಾತಿ ಹೆಸರ ತಗೊಂಡ್ರ ಕೇಸ್ ಆಗ್ತದ್ರಿ. ಅಕಿ ಬಾಯಿಲೆನ ಹೇಳ್ಲಿ. ಹೇಳು ಬೇ, ಜೋರಾಗಿ ಹೇಳು, ಎಲ್ರಿಗೂ ಕೇಳ್ಲಿ.”

ನೋಡಿ, ಕಾನೂನು ಬಂದು ಇವರಿಗೆ ಎಷ್ಟು ಜಾಣತನ ಕಲಿಸಿದೆ. ಮುಂಚೆ ಅವರೇ ಕೂಗುತ್ತಿದ್ದರು, ಈಗ ನಮ್ಮಿಂದಲೇ ಕೂಗಿಸುತ್ತಾರೆ. ಬುಟ್ಟಿಯ ಮಣ್ಣು ಸೋರಿ ಕಣ್ಣಿಗೆ ಇಳಿಯುತ್ತಿತ್ತು. ನಾನು ಹೇಳಿದೆ.

“ಮಾದಿಗರು ರೀ.”

“ಹಾಂ,” ಎಂದರು ಸಾಹೇಬರು, ಎಲ್ಲ ಬಗೆಹರಿದವರ ಹಾಗೆ. “ಅದಕ್ಕ. ನಿಮಗ ಯಾವ ಕುಣಿ ಕಂಡ್ರೂ ಲಂದಾನ ಕಾಣ್ತದ.”

ಕಾರಿನ ಡ್ರೈವರು ಕೂಡ ನಕ್ಕ. ನಾನು ಸುಮ್ಮನಿರಬೇಕಿತ್ತೇನೋ. ಇರಲಿಲ್ಲ.

“ಹೌದ್ರಿ. ನಿಮಗ ಯಾವ ಕಲ್ಲು ಕಂಡ್ರೂ ದೇವರು ಕಂಡಂಗ.”

ಅಯ್ಯಪ್ಪ ಹಿಂದಿನಿಂದ ಬುಟ್ಟಿಗೆ ಹೊಡೆದ. ಬುಟ್ಟಿ, ಮಣ್ಣು, ನಾನು ಮೂವರೂ ಒಟ್ಟಿಗೆ ನೆಲಕ್ಕೆ ಬಿದ್ದೆವು. ಆಚಾರ್ರು ಪಂಚೆ ಎತ್ತಿ ಹಿಡಿದುಕೊಂಡು ದೂಳು ತಾಗದಂತೆ ಪಕ್ಕಕ್ಕೆ ಹೋದರು. ಮೇಡಂ “ಏನ್ರೀ ಇದು!” ಎಂದು ಅಯ್ಯಪ್ಪನ ಮೇಲೆ ಚೀರಿದರು. ಸಾಹೇಬರು ಅವರನ್ನು ಕಾರಿನ ಹತ್ತಿರ ಕರೆದುಕೊಂಡು ಹೋಗಿ ಅರ್ಧ ಗಂಟೆ ಮಾತಾಡಿದರು. ಮೇಡಂ ವಾಪಸು ಬಂದಾಗ ನನ್ನ ಕಡೆ ನೋಡಲಿಲ್ಲ.

ಆಮೇಲೆ ಹನ್ನೆರಡು ದಿನ ಅದೇ ಕುಂಡಗಳನ್ನು ಬ್ರಷ್ಷು ಹಿಡಿದು ಉಜ್ಜಿಸಿದರು. ಯಾತಕ್ಕೆ ಎಂದು ಯಾರೂ ಹೇಳಲಿಲ್ಲ. ಇಪ್ಪತ್ತಾರನೇ ದಿನ ಆಚಾರ್ರು ಮಡಿಯಲ್ಲಿ ಬಂದರು, ನನ್ನನ್ನು ಎಬ್ಬಿಸಿ ಏಣಿ ತೊಳೆಸಿದರು. ಅದನ್ನು ಮೊದಲೇ ಹೇಳಿದ್ದೇನೆ.

ಮರುದಿನ ಟ್ಯಾಂಕರು ತಂದು ಐದೂ ಕುಂಡಕ್ಕೆ ನೀರು ಬಿಟ್ಟರು. ಸುತ್ತ ಹಗ್ಗ ಕಟ್ಟಿದರು. ಇಳಿಜಾರು ಕಲ್ಲಿಗೆ ಅರಿಷಿಣ ಕುಂಕುಮ ಬಳಿದು ಹಾಲು ಎರೆದರು. ಎರಡು ದಿನದಲ್ಲಿ ತೀನ್ ಕಂದೀಲು ಚೌಕದ ಆಚೆಯಿಂದಲೂ ಜನ ಬರತೊಡಗಿದರು. ಆಚಾರ್ರು ತಾಮ್ರದ ಉದ್ಧರಣೆಯಿಂದ ಮೂರನೇ ಕುಂಡದ ನೀರು ಕೊಡುತ್ತಿದ್ದರು.

“ಸ್ವಲ್ಪ ಒಗರು ಅನಸ್ತದ್ರಿ ಸ್ವಾಮಿ,” ಎಂದಳು ಒಬ್ಬ ಹೆಂಗಸು.

“ಔಷಧಿ ಗುಣ ಅದ ತಾಯಿ. ಭಕ್ತಿಲೆ ಕುಡೀರಿ.”

ಹಗ್ಗದ ಆಚೆ ಕಸ ಗುಡಿಸುತ್ತಿದ್ದ ಗೋಪಮ್ಮ ಪೊರಕೆ ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಹೆಗಲು ಕುಣಿಯುತ್ತಿತ್ತು. ನನಗೆ ನಗು ಬರಲಿಲ್ಲ. ಅವತ್ತು ಬೆಳಿಗ್ಗೆ ಎರಡನೇ ನೋಟಿಸು ಬಂದಿತ್ತು. ಎಂಟು ದಿನದಲ್ಲಿ ಖಾಲಿ ಮಾಡಬೇಕು, ಭಕ್ತಾದಿಗಳ ವಾಹನ ನಿಲುಗಡೆಗೆ ಜಾಗ ಬೇಕಾಗಿದೆ ಎಂದು ಬರೆದಿತ್ತು.

ನಾನು ಮೇಡಂ ಇಳಿದುಕೊಂಡಿದ್ದ ಲಾಡ್ಜಿಗೆ ನಡೆದುಕೊಂಡೇ ಹೋದೆ. ಅವರು ಬಟ್ಟೆ ಮಡಚಿ ಸೂಟ್‌ಕೇಸಿಗೆ ತುಂಬುತ್ತಿದ್ದರು.

“ನಮ್ಮ ಕಾಗದ ಕೊಡ್ರಿ ಮೇಡಂ.”

ಅವರು ಒಂದು ಹಾಳೆ ಕೊಟ್ಟರು. ನನಗೆ ಏಳನೇ ಇಯತ್ತೆ ಆಗಿದೆ, ಓದಲು ಬರುತ್ತದೆ. ‘ಧಾರ್ಮಿಕ ಸ್ವರೂಪದ ಜಲರಚನೆ’ ಎಂದಿತ್ತು. ಸುಣ್ಣ ಇರಲಿಲ್ಲ, ತಂಗಡಿ ಇರಲಿಲ್ಲ. ಅಪ್ಪನ ಹೊಟ್ಟೆಯ ಫೋಟೋ ಇರಲಿಲ್ಲ. ಕೆಳಗೆ ಉಮಾದೇವಿ ಎಂದು ಸಹಿ ಇತ್ತು.

“ನೀವು ಬರದದ್ದು ಎಲ್ಲಿ ಹೋತ್ರಿ? ನೀವು ಚೀಲದಾಗ ಕಟ್ಟಿಟ್ಟಿದ್ದು?”

“ಸ್ಯಾಂಪಲ್ಲು ಅವರೇ ತಗೊಂಡು ಹೋದ್ರು ಜಂಬಮ್ಮ. ನನ್ನನ್ನ ವರ್ಗ ಮಾಡಿದಾರೆ. ಸಹಿ ಹಾಕ್ದೇ ಇದ್ರೆ ನನ್ನ ಕೆಲಸ…” ಎಂದು ಅಲ್ಲಿಗೇ ನಿಲ್ಲಿಸಿ ಅಳತೊಡಗಿದರು.

“ಅಳಬ್ಯಾಡ್ರಿ. ನಿಮಗ ಇನ್ನೊಂದು ಊರಾಗ ಇನ್ನೊಂದು ಕುಣಿ ಸಿಗ್ತದ. ನಮಗ ಎಲ್ಲಿ ಅದ ಇನ್ನೊಂದು ಕೇರಿ?”

“ನಾನೇನು ಮಾಡ್ಲಿ ಹೇಳಿ?”

“ನೀವೇನೂ ಮಾಡಬ್ಯಾಡ್ರಿ. ಮಾಡೋದೆಲ್ಲ ಮಾಡೀರಿ.”

ಅವರು ನನ್ನ ಕೈ ಹಿಡಿಯಲು ಬಂದರು. ನಾನು ಕೈ ಹಿಂದೆ ತೆಗೆದುಕೊಂಡೆ. ಲಾಡ್ಜಿನ ಮೆಟ್ಟಿಲು ಇಳಿಯುವಾಗ ನನಗೂ ಅಳು ಬಂತು, ಸಿಟ್ಟಿಗೆ ಬಂದ ಅಳು ಅದು. ಒಂದು ಮಾತು ಸುಳ್ಳಾದರೆ ಇಪ್ಪತ್ತೆರಡು ಮನೆ ಬೀಳುತ್ತವೆ ಎಂದು ಓದಿದವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೇ ಬರೆದಿದ್ದರು.

ವಕೀಲರು ಆ ಹಾಳೆ ನೋಡಿ ವಾಪಸು ಕೊಟ್ಟರು. “ಲಂದ ಅನ್ನೋದಕ್ಕ ಈಗ ಸಾಕ್ಷಿ ಯಾರದಾರ?” ಎಂದು ಕೇಳಿದರು. ನಾನು ಆ ಮಾತನ್ನೇ ತಲೆಯಲ್ಲಿ ಹೊತ್ತುಕೊಂಡು ಬಜಾರದಲ್ಲಿ ಮೀರಾಹುಸೇನನ ಅಂಗಡಿಯ ಮುಂದೆ ಹೋಗಿ ನಿಂತೆ.

ಮೀರಾಹುಸೇನ ತೊಗಲಿನ ವ್ಯಾಪಾರದವನು. ಕಸಾಯಿಖಾನೆಯಿಂದ ಆಡು ಕುರಿಯ ತೊಗಲು ಕೊಂಡು ಉಪ್ಪು ಹಚ್ಚಿ ಲಾರಿಗೆ ಏರಿಸುತ್ತಾನೆ. ಅವನಪ್ಪ ನಮ್ಮಪ್ಪನ ಹತ್ತಿರ ಹದ ಮಾಡಿದ ತೊಗಲು ಕೊಳ್ಳಲು ಮಲ್ಲಟದ ತನಕ ಸೈಕಲ್ಲಿನಲ್ಲಿ ಬರುತ್ತಿದ್ದ.

“ಕ್ಯಾ ಜಂಬಕ್ಕಾ, ಮುಖ ಯಾಕ ಹಿಂಗ ಮಾಡ್ಕೊಂಡಿ?”

“ಆಡಿನ ತೊಗಲು ಬೇಕಾಗ್ಯಾವಪ್ಪ. ಹಸೀವು. ಆರು.”

“ಹಸೀ ತೊಗಲು ತಗೊಂಡು ಏನ್ ಮಾಡ್ತಿ?”

ಹೇಳಿದೆ. ಅವನು ಗಡ್ಡ ಕೆರೆದುಕೊಂಡ, ಬೀದಿಯ ಕಡೆ ನೋಡಿದ. ಆಮೇಲೆ ಒಳಗೆ ಹೋಗಿ ಆರು ತೊಗಲು ಮಡಚಿ ಗೋಣಿಚೀಲಕ್ಕೆ ಹಾಕಿದ. “ನಾನೂ ಬರ್ತೀನಿ ಅಕ್ಕಾ. ಪರಮಣ್ಣ ಚಾಚಾನ ಸಂಗಾಟ ನಿಂದರ್ತೀನಿ.”

“ನೀ ಬರಬ್ಯಾಡ. ನಿನ್ನ ಟೊಪಿಗಿ ಕಂಡ್ರ ಅವರಿಗೆ ಕೆಲಸ ಹಗೂರಾಗ್ತದ. ಲಂದದ ಮಾತು ಬಿಟ್ಟು ಮಂದಿಗೆ ಬ್ಯಾರೆ ಮಾತು ಹಚ್ಚಿಬಿಡ್ತಾರ.”

ಅವನ ಮುಖ ಸಣ್ಣದಾಯಿತು. ನಾನು ಹೇಳಿದ್ದು ನಿಜ ಎಂದು ಅವನಿಗೂ ಗೊತ್ತಿತ್ತು. ಚೀಲಕ್ಕೆ ಮೇಲಿಂದ ಇನ್ನೊಂದು ಹಿಡಿ ಉಪ್ಪು ಹಾಕಿ ಬಾಯಿ ಕಟ್ಟಿ ಕೊಟ್ಟ.

ಮಳಿಗೆಯ ಅಡಿಗಲ್ಲು ಪೂಜೆ ಮತ್ತು ತೀರ್ಥದ ಬೋರ್ಡು ತೆರೆಯುವುದು ಎರಡೂ ಒಂದೇ ದಿನ, ಸೋಮವಾರ ಹತ್ತು ಗಂಟೆಗೆ. ನಮ್ಮ ನೋಟಿಸಿನ ಎಂಟು ದಿನ ಮುಗಿಯುವುದು ಮಂಗಳವಾರ. ದೊಡ್ಡ ಮಂದಿ ಬರುತ್ತಾರೆ, ಶಾಮಿಯಾನದ ನೆಲ ಗುಡಿಸಿ ಹೂವಿನ ಬುಟ್ಟಿ ಹೊರಲು ಬನ್ನಿ ಎಂದು ಅಯ್ಯಪ್ಪನೇ ನಮ್ಮ ಹದಿನೆಂಟು ಜನರನ್ನು ಕರೆದಿದ್ದ. ಗೇಟಿನಲ್ಲಿ ಪೊಲೀಸರು ಎಲ್ಲರ ಚೀಲ ನೋಡಿ ಒಳಗೆ ಬಿಡುತ್ತಿದ್ದರು. ನಮ್ಮ ತಲೆ ಮೇಲಿನ ಬುಟ್ಟಿಯೊಳಗೆ ಏನಿದೆ ಎಂದು ಅಷ್ಟು ದಿನದಲ್ಲಿ ಒಬ್ಬನೂ ಕೇಳಿದ್ದಿಲ್ಲ, ಅವತ್ತೂ ಕೇಳಲಿಲ್ಲ. ಮೇಲೆ ಚೆಂಡುಹೂ, ಕೆಳಗೆ ಸುಣ್ಣ, ನನ್ನ ಬುಟ್ಟಿಯಲ್ಲಿ ಆರು ತೊಗಲು. ಅಪ್ಪ ಒಂದು ಪೊರಕೆ ಹಿಡಿದು ನಮ್ಮ ಹಿಂದೆ ಬಂದ.

ಹತ್ತಕ್ಕೆ ಕಾರುಗಳು ಬಂದವು. ಮೈಕಿನಲ್ಲಿ ಆಚಾರ್ರು ಪಂಚತೀರ್ಥದ ಮಹಿಮೆ ಹೇಳುತ್ತಿದ್ದರು. ಸಾವಿರಾರು ವರ್ಷದ ಹಿಂದೆ ಋಷಿಗಳು ಇಲ್ಲಿ ಸ್ನಾನ ಮಾಡಿದ್ದರಂತೆ. ಸಾಹೇಬರು ತಲೆಯಾಡಿಸುತ್ತಿದ್ದರು, ಗುತ್ತಿಗೆದಾರ ಶಾಲು ಹೊದ್ದು ಕೂತಿದ್ದ. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಪೊರಕೆ ಬಿಸಾಡಿದ.

ಅವನು ಹಗ್ಗದ ಕೆಳಗೆ ಬಗ್ಗಿ ಒಳಗೆ ಹೋಗಿ, ಕುಂಕುಮ ಬಳಿದ ಕಲ್ಲಿನ ಮೇಲೆ ಒಂದು ಹಸೀ ತೊಗಲು ಹಾಸಿದ. ತುದಿಯನ್ನು ಹೊಟ್ಟೆಯಿಂದ ಒತ್ತಿ ಹಿಡಿದ. ನಡುವಿಗೆ ಸಿಕ್ಕಿಸಿದ್ದ ಎರಡು ಹಿಡಿಯ ಬಾಗು ಕತ್ತಿ ತೆಗೆದು ಮಾಂಸದ ಪೊರೆ ಹೆರೆಯತೊಡಗಿದ.  ನಾನು ಎರಡನೇ ಕುಂಡಕ್ಕೆ ಇಳಿದೆ. ತೊಡೆಮಟ್ಟ ನೀರು, ಮೇಲೆಲ್ಲ ಹೂವಿನ ಎಸಳು. ಗೋಪಮ್ಮ ಮತ್ತು ಉಳಿದವರು ದಂಡೆಗೆ ಬಂದು ಒಬ್ಬೊಬ್ಬರಾಗಿ ಸುಣ್ಣದ ಬುಟ್ಟಿ ಸುರಿದರು. ನೀರು ಹಾಲಿನ ಹಾಗೆ ಬೆಳ್ಳಗಾಯಿತು.

ಮೈಕು ನಿಂತಿತು. ಹಸೀ ತೊಗಲಿನ ವಾಸನೆ ಶಾಮಿಯಾನದ ಒಳಗೆ ಹೋಯಿತು. ಮುಂದಿನ ಸಾಲಿನವರು ಮೂಗಿಗೆ ಕರವಸ್ತ್ರ ಹಿಡಿದರು. ಮೊಬೈಲು ಹಿಡಿದ ಹುಡುಗರು, ಹೆಂಗಸರು ಕುಂಡದ ಕಡೆ ನುಗ್ಗಿದರು. ತೀರ್ಥ ಕುಡಿದಿದ್ದ ಒಬ್ಬಾತ ಅಲ್ಲೇ ವಾಂತಿ ಮಾಡಿಕೊಂಡ.

“ಏ ಸೂಳೇರ! ಏನ್ ಮಾಡಾಕತ್ತೀರಿ!” ಅಯ್ಯಪ್ಪ ಓಡಿ ಬಂದ. ದಂಡೆಗೆ ಬಂದವನು ಸುಣ್ಣದ ನೀರು ನೋಡಿ ನಿಂತ. ಹೊಸ ಬೂಟು ಹಾಕಿಕೊಂಡಿದ್ದ.

“ಕೆಲಸ ಮಾಡಾಕತ್ತೀವಿ ಮೇಸ್ತ್ರಿ,” ಎಂದಳು ಗೋಪಮ್ಮ. “ಮೊದಲ ನಿಮ್ಮವ್ವನ ವಯಸ್ಸಿನಾಕಿಗೆ ಬೇ, ಸೂಳಿ ಅನ್ನೋದು ಬಿಡು, ಆಮ್ಯಾಗ ಕೇಳು.”

ಆಚಾರ್ರು ಎರಡೂ ಕೈ ಎತ್ತಿ ಕೂಗುತ್ತಿದ್ದರು. “ಅಪಚಾರ! ಮುಟ್ಟಬ್ಯಾಡ್ರಿ! ಯಾರೂ ಹತ್ರ ಹೋಗಬ್ಯಾಡ್ರಿ!” ಅವರ ಮಾತು ಕೇಳಿ ಗೇಟಿನಿಂದ ಓಡಿ ಬರುತ್ತಿದ್ದ ಇಬ್ಬರು ಪೊಲೀಸರೂ ಅಲ್ಲಲ್ಲೇ ನಿಂತರು. ಇಷ್ಟು ವರ್ಷ ನಮ್ಮನ್ನು ಹೊರಗಿಟ್ಟ ಮಡಿ ಅವತ್ತು ಅವರನ್ನು ಹೊರಗೆ ನಿಲ್ಲಿಸಿತು. ಅದನ್ನು ಕಂಡು ನನಗೆ ಆದ ಸಂತೋಷಕ್ಕೆ ನಾಚಿಕೆ ಪಡುವುದಿಲ್ಲ.

ಸಾಹೇಬರು ದಂಡೆಯ ತನಕ ಬಂದರು. ನಾನು ಅವರಿಗೆ ಕೇಳುವ ಹಾಗೆ, ಮೊಬೈಲು ಹಿಡಿದವರಿಗೂ ಕೇಳುವ ಹಾಗೆ ಹೇಳಿದೆ: “ನೋಡ್ರಿ ಸಾಹೇಬ್ರ. ಅಲ್ಲಿ ಹೆರಿಯೋ ಕಲ್ಲು, ನಮ್ಮಪ್ಪನ ಹೊಟ್ಟಿ ಹೆಂಗ ಕುಂತದ ನೋಡ್ರಿ. ಇದು ಸುಣ್ಣದ ಲಂದ. ಅವು ಮೂರು ತಂಗಡಿ ಲಂದ. ನೀವು ಕಾಗದದಾಗ ಅಳಿಸೀರಿ, ನಾವು ಮಾಡಿ ತೋರಸ್ತೀವಿ. ನಾವು ಮಾದಿಗರು. ಯಾರೂ ಕೇಳದನ ಹೇಳಾಕತ್ತೀನಿ. ನಾನೂರು ವರ್ಷದಿಂದ ಇಲ್ಲೇ ಅದೀವಿ.”

“ಈ ತೊಗಲು ಎಲ್ಲಿಂದ ಬಂದ್ವು? ಯಾರು ಕೊಟ್ಟರು?” ಸಾಹೇಬರು ಕೇಳಿದರು. ಅವರ ಕಣ್ಣಲ್ಲಿ ಒಂದು ಆಸೆ ಇತ್ತು, ಯಾವ ಹೆಸರು ಕೇಳುವ ಆಸೆ ಎಂದು ನನಗೆ ಗೊತ್ತು.

“ನಮ್ಮ ಮನಿಂದ ರೀ.”

ಕಾಲು ಉರಿಯತೊಡಗಿತ್ತು. ಸುಣ್ಣ ಚರ್ಮಕ್ಕೆ ಚರ್ಮ ಎಂದೇ ತಿಳಿಯುತ್ತದೆ, ಆಡಿನದೋ ನನ್ನದೋ ನೋಡುವುದಿಲ್ಲ. ಅಪ್ಪ ಹೆರೆದು ಮುಗಿಸಿದ ತೊಗಲನ್ನು ಗೋಪಮ್ಮ ನನಗೆ ಇಳಿಸಿದಳು. ನಾನು ಅದನ್ನು ನೀರೊಳಗೆ ಅದ್ದಿ, ಬಿಚ್ಚಿ ಹರಡಿ, ಕಾಲಿನಿಂದ ತಳಕ್ಕೆ ತುಳಿದೆ.

ಜೀಪಿನಿಂದ ಇನ್ಸ್‌ಪೆಕ್ಟರು ಇಳಿದು ಬಂದರು. ಜನರನ್ನು ಸರಿಸಿ ದಂಡೆಗೆ ಬಂದು ಲಾಠಿಯನ್ನು ನನ್ನ ಕಡೆ ಚಾಚಿದರು.

“ಏ, ಹೊರಗ ಬರ್ತೀಯೋ ಇಲ್ಲೋ?”

“ಬರ್ತೀನ್ರಿ,” ಎಂದೆ. “ಸುಣ್ಣದಾಗ ಎಂಟು ದಿನ ಇಡಬೇಕು. ತಂಗಡಿ ನೀರಾಗ ಹನ್ನೆರಡು ದಿನ. ತೊಗಲು ಹದ ಆದ ಕೂಡ್ಲೇ ಬರ್ತೀನಿ.”

ಗೋಪಮ್ಮ ಮೇಲಿನಿಂದ ಎರಡನೇ ತೊಗಲು ಕೊಟ್ಟಳು.